ಎಟಿಆರ್ ಪೈಲಟ್‌ಗೆ ಸಂಬಳ ಯಾಕೆ ಕಡಿಮೆ? ತಂಗಿ ಜೆಟ್‌ಗೆ ಕಾಯಬೇಕಾ?

ನಿಮ್ಮ ತಂಗಿ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಮುಗಿಸಿದ್ದಾರೆ, ಎಟಿಆರ್ ಅನ್ನುವ ಪ್ರೊಪೆಲ್ಲರ್ ವಿಮಾನದಲ್ಲಿ ಕೋ-ಪೈಲಟ್ ಕೆಲಸ ಬಂದಿದೆ, ಏರ್‌ಬಸ್ ಜೆಟ್ ಹಾರಿಸುವವರಿಗೆ ಜಾಸ್ತಿ ಸಿಗುತ್ತದಂತೆ, ಬಿಟ್ಟು ಕಾಯಲಾ ಅಂತ ಕೇಳಿದ್ದೀರಿ. ಕಾಯಬೇಡಿ, ಸೇರಿಕೊಳ್ಳಲಿ.

ನಾನು ಚಿಕ್ಕಬಳ್ಳಾಪುರ ಜಿಲ್ಲೆಯವನೇ, ಶಿಡ್ಲಘಟ್ಟದ ಕಡೆ. ಎಂಟು ವರ್ಷ ಎಟಿಆರ್ ಹಾರಿಸಿ ಈಗ ಏರ್‌ಬಸ್ 320ರಲ್ಲಿದ್ದೇನೆ. ಎರಡೂ ಕಡೆಯ ಸಂಬಳ ಚೀಟಿ ಕೈಯಲ್ಲಿ ಹಿಡಿದಿದ್ದೇನೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಸಿಬಿ ಅನ್ನುವ ಮಿಶ್ರತಳಿ ಹುಳಕ್ಕೂ, ಹೆಚ್ಚು ನೂಲು ಕೊಡುವ ಬೈವೋಲ್ಟೀನ್ ಹುಳಕ್ಕೂ ಅಮ್ಮ ರಾತ್ರಿ ಎದ್ದು ಸೊಪ್ಪು ಹಾಕಲೇಬೇಕು. ಆದರೆ ಮಾರ್ಕೆಟ್ಟಿನಲ್ಲಿ ಬೆಲೆ ಕಟ್ಟುವುದು ಗೂಡಿನಲ್ಲಿ ಎಷ್ಟು ನೂಲು ಬಿಚ್ಚುತ್ತದೆ ಅನ್ನುವುದಕ್ಕೆ. ಇಲ್ಲೂ ಅದೇ. ಎಟಿಆರ್ 72ರಲ್ಲಿ 70ರಿಂದ 78 ಸೀಟು, ಏರ್‌ಬಸ್ 320ರಲ್ಲಿ 180ರ ಆಸುಪಾಸು. ಕಾಕ್‌ಪಿಟ್‌ನಲ್ಲಿ ಎರಡರಲ್ಲೂ ಇಬ್ಬರೇ. ಟಿಕೆಟ್ ದುಡ್ಡು ಎಲ್ಲಿ ಜಾಸ್ತಿ ಬರುತ್ತದೋ ಸಂಬಳವೂ ಅಲ್ಲೇ ಜಾಸ್ತಿ.

ಹೊರಗಿನವರಿಗೆ ಕಾಣದ ಇನ್ನೊಂದು ಲೆಕ್ಕ ಇದೆ. ಸಂಬಳದಲ್ಲಿ ಒಂದು ಭಾಗ ಖಾಯಂ, ಇನ್ನೊಂದು ಭಾಗ ಹಾರಿದ ಗಂಟೆಗೆ ಇಷ್ಟು ಅಂತ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಬಂದರೆ ಏರ್‌ಬಸ್‌ನವರಿಗೆ ಎರಡೇ ಲ್ಯಾಂಡಿಂಗ್, ಲಾಗ್‌ಬುಕ್ಕಿಗೆ ಐದೂವರೆ ಗಂಟೆ. ಎಟಿಆರ್‌ನಲ್ಲಿದ್ದಾಗ ನಾನು ಹುಬ್ಬಳ್ಳಿಗೆ ಎರಡು ಸಲ ಹೋಗಿ ಬಂದರೆ ನಾಲ್ಕು ಲ್ಯಾಂಡಿಂಗ್, ಗಂಟೆ ಮಾತ್ರ ಅದಕ್ಕಿಂತ ಕಡಿಮೆ. ನಡುವೆ ಪ್ರಯಾಣಿಕರು ಇಳಿದು ಹತ್ತುವ ಹೊತ್ತಿಗೆ ಗಂಟೆಯ ಲೆಕ್ಕದಲ್ಲಿ ಏನೂ ಇಲ್ಲ. ದರದಲ್ಲೂ ಕಡಿಮೆ, ಗಂಟೆಯಲ್ಲೂ ಕಡಿಮೆ. ಇದು ಸರಿಯಲ್ಲ ಅಂತ ಆಗಲೂ ಅನ್ನಿಸುತ್ತಿತ್ತು, ಏರ್‌ಬಸ್‌ಗೆ ಬಂದ ಮೇಲೂ ಅನ್ನಿಸುತ್ತದೆ.

ಯಾಕೆಂದರೆ ಎಟಿಆರ್ ಕೆಲಸ ಸುಲಭದ್ದಲ್ಲ. ಜೆಟ್ 35 ಸಾವಿರ ಅಡಿಗೆ ಏರಿ ಎಷ್ಟೋ ಮೋಡವನ್ನು ಕೆಳಗೆ ಬಿಟ್ಟು ಹೋಗುತ್ತದೆ. ಎಟಿಆರ್‌ಗೆ 25 ಸಾವಿರವೇ ಮಿತಿ, ಮಳೆಗಾಲದಲ್ಲಿ ಮೋಡದ ಒಳಗೇ ದಾರಿ. ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ ಇಲ್ಲ. ಜುಲೈನಲ್ಲಿ ಬೆಳಗಾವಿಗೆ ಇಳಿಯುವಾಗ ಅಡ್ಡಗಾಳಿ ಬೀಸಿದರೆ ಒಂದು ಕೈ ವಿಮಾನ ತಿರುಗಿಸುವ ಯೋಕ್ ಮೇಲೆ, ಇನ್ನೊಂದು ಎಂಜಿನ್ನಿನ ಪವರ್ ಲಿವರ್ ಮೇಲೆ. ವೈಪರ್ ಸದ್ದಿನ ನಡುವೆ ಕಣ್ಣು ಸ್ಪೀಡ್ ಮೇಲೇ ಇರಬೇಕು. ಲಿವರನ್ನು ಕೂದಲೆಳೆಯಷ್ಟು ಮುಂದೆ, ಮತ್ತೆ ಹಿಂದೆ, ಚಕ್ರ ನೆಲ ಮುಟ್ಟುವ ತನಕ ಇದೇ. ಕೈ ಪಳಗಿದ್ದು ಅಲ್ಲೇ. ಏರ್‌ಬಸ್ ಸಿಮ್ಯುಲೇಟರ್‌ನಲ್ಲಿ ನನ್ನನ್ನು ಕಾಪಾಡಿದ್ದೂ ಆ ಅಭ್ಯಾಸವೇ.

ನನ್ನ ಜೊತೆ ಕಲಿತ ಒಬ್ಬರು ಜೆಟ್ಟೇ ಬೇಕು ಅಂತ ಎರಡು ವರ್ಷ ಮನೆಯಲ್ಲಿದ್ದರು. ಸಾಲಕ್ಕೆ ಬಡ್ಡಿ ಬೆಳೆಯಿತು. ಹೊರಗೆ ಏನೂ ಕಾಣದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ, ಇನ್‌ಸ್ಟ್ರುಮೆಂಟ್ ರೇಟಿಂಗ್, ಅದರ ಅವಧಿ ಮುಗಿದು, ಅದನ್ನು ನವೀಕರಿಸಲು ಮತ್ತೆ ದುಡ್ಡು ಕಟ್ಟಿ ಹಾರಬೇಕಾಯಿತು. ಅದೇ ಎರಡು ವರ್ಷದಲ್ಲಿ ನನ್ನ ಲಾಗ್‌ಬುಕ್ ಸಾವಿರ ಗಂಟೆ ದಾಟಿತ್ತು. ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್, ಅದಕ್ಕೆ ಬೇಕಾದ 1,500 ಗಂಟೆಗೆ ಎಟಿಆರ್ ಗಂಟೆಯೂ ಸೇರುತ್ತದೆ.

ಒಂದು ಕಷ್ಟವನ್ನೂ ಹೇಳಬೇಕು. ಎಟಿಆರ್‌ನಲ್ಲಿ ಕ್ಯಾಪ್ಟನ್ ಆಗಿ ಭುಜದ ಮೇಲೆ ನಾಲ್ಕು ಪಟ್ಟಿ ಹಾಕಿದ್ದ ನಾನು ಏರ್‌ಬಸ್‌ಗೆ ಬಂದಾಗ ಮತ್ತೆ ಮೂರು ಪಟ್ಟಿಯ ಕೋ-ಪೈಲಟ್ ಆದೆ. ಆ ವರ್ಷ ಮನೆ ಖರ್ಚು ತೂಗಿಸುವುದು ಕಷ್ಟವಾಯಿತು. ತಂಗಿ ದಾಟುವುದಾದರೆ ಕ್ಯಾಪ್ಟನ್ ಆಗುವ ಮೊದಲೇ ದಾಟುವುದಾ, ಆಮೇಲಾ ಅಂತ ಈಗಿನಿಂದಲೇ ಯೋಚಿಸಿರಲಿ.

ಸಹಿ ಹಾಕುವ ಮುಂಚೆ ತಿಂಗಳಿಗೆ ಎಷ್ಟು ಗಂಟೆಯ ದುಡ್ಡು ಗ್ಯಾರಂಟಿ, ಅದರ ಮೇಲೆ ಹಾರಿದರೆ ಗಂಟೆಗೆ ಎಷ್ಟು, ಆ ಮಾದರಿಯ ವಿಮಾನ ಹಾರಿಸುವ ತರಬೇತಿ, ಅಂದರೆ ಟೈಪ್ ರೇಟಿಂಗ್‌ನ ಖರ್ಚು ಯಾರದು, ಬಾಂಡ್ ಎಷ್ಟು ವರ್ಷದ್ದು ಅಂತ ಕೇಳಲಿ. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2017ರಲ್ಲಿ ಕೋ-ಪೈಲಟ್‌ಗೆ ಆರು ತಿಂಗಳು, ಕ್ಯಾಪ್ಟನ್‌ಗೆ ಒಂದು ವರ್ಷ ನೋಟಿಸ್ ಅವಧಿ ನಿಗದಿ ಮಾಡಿತು, ಅದೂ ಲೆಕ್ಕದಲ್ಲಿರಲಿ. "ಮುಂದೆ ಏರ್‌ಬಸ್‌ಗೆ ಕಳಿಸುತ್ತೇವೆ" ಅಂದರೆ ಅದನ್ನು ಕಾಗದದ ಮೇಲೆ ಬರೆಸಿಕೊಳ್ಳಲಿ. ನನಗೆ ಬಾಯಿಮಾತಲ್ಲಿ ಹೇಳಿದ್ದರು, ಮೂರು ವರ್ಷ ಜಾಸ್ತಿ ಹಿಡಿಯಿತು.