ಕರಡಿ ‘ಬಂತೇ’, ‘ಬಂದರೇ’? ಲೇಖಕರೊಬ್ಬರಿಗೆ ಸಂಪಾದಕರ ಪತ್ರ

ಮಾನ್ಯರೇ,

ಇಂದಿನ ಜಪಾನಿ ಸಣ್ಣಕಥೆಗಳ ಮಾಂತ್ರಿಕ ವಾಸ್ತವತೆ, ಅಂದರೆ ದಿನನಿತ್ಯದ ಬದುಕಿನ ನಡುವೆ ಅಸಂಭವವಾದದ್ದು ಸಹಜವೆಂಬಂತೆ ನಡೆಯುವ ಕಥನರೀತಿ, ಏಕೆ ಇಷ್ಟೊಂದು ಸೆಳೆಯುತ್ತದೆ ಎಂಬುದನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಆ ಕಥೆಗಳನ್ನು ನೀವು ಮನಸಾರೆ ಓದಿದ್ದೀರಿ ಎಂಬುದು ಪುಟಪುಟದಲ್ಲೂ ಕಾಣುವುದರಿಂದ, ಬರೀ ವಿಷಾದದ ಸಾಲೊಂದನ್ನು ಬರೆದು ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ.

ಹದಿನಾಲ್ಕು ಪುಟಗಳಲ್ಲಿ ಮೊದಲ ಐದನ್ನು ನೀವು ಲ್ಯಾಟಿನ್ ಅಮೆರಿಕಕ್ಕೆ ಕೊಟ್ಟಿದ್ದೀರಿ. ‘ಮಾಂತ್ರಿಕ ವಾಸ್ತವತೆ’ ಎಂಬ ಹೆಸರು 1925ರಲ್ಲಿ ಫ್ರಾಂಜ್ ರೋ ಎಂಬ ಜರ್ಮನ್ ವಿಮರ್ಶಕ ಚಿತ್ರಕಲೆಯನ್ನು ಕುರಿತು ಬಳಸಿದ ಮಾತು, ಮುಂದೆ ಅದು ಆ ಖಂಡದ ಕಥನಕ್ಕೆ ಅಂಟಿಕೊಂಡಿತು ಎಂದು ಎರಡು ವಾಕ್ಯಗಳಲ್ಲಿ ಹೇಳಿ ಮುಂದುವರಿಯಿರಿ. ಇದಕ್ಕಿಂತ ದೊಡ್ಡ ತೊಡಕು ಆರನೆಯ ಪುಟದಲ್ಲಿದೆ. ಜಪಾನಿಗರು ಮರ, ಕಲ್ಲು, ಹೊಳೆಗಳಲ್ಲೆಲ್ಲ ದೇವರನ್ನು ಕಾಣುವವರಾದ್ದರಿಂದ ಅವರ ಕಥೆಗಳಲ್ಲಿ ‘ಬೆರಗು’ ಸಹಜವಾಗಿ ಹರಿಯುತ್ತದೆ ಎಂದು ಬರೆದಿದ್ದೀರಿ. ಜಪಾನಿನ ಸಾಂಪ್ರದಾಯಿಕ ಧರ್ಮವಾದ ಶಿಂತೋದ ನಂಬಿಕೆಗಳನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ 1776ರಲ್ಲಿ ಉಯೆದ ಅಕಿನಾರಿ ಪ್ರಕಟಿಸಿದ ಪ್ರೇತಕಥೆಗಳಿಗೂ, 1910ರಲ್ಲಿ ಯಾನಗಿತ ಕುನಿಯೊ ತೋನೋ ಸೀಮೆಯಿಂದ ಸಂಗ್ರಹಿಸಿದ ಐತಿಹ್ಯಗಳಿಗೂ, ಇಂದಿನ ಲೇಖಕರಾದ ಮುರಕಾಮಿ, ಕವಕಾಮಿಯವರ ಕಥೆಗಳಿಗೂ ಅದೊಂದೇ ವಿವರಣೆಯಾದರೆ, ಇವು ಒಂದರಿಂದೊಂದು ಹೇಗೆ ಬೇರೆ ಎಂಬ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ತೋನೋದ ಐತಿಹ್ಯಗಳಲ್ಲಿ ವಿಚಿತ್ರವಾದದ್ದರ ನೆಲೆ ಹೆಚ್ಚಾಗಿ ಬೆಟ್ಟ, ಹೊಳೆ, ಹಳೆಯ ಮನೆಗಳಲ್ಲಿ; ಈಗ ಅದಕ್ಕೊಂದು ಫ್ಲ್ಯಾಟ್ ನಂಬರು ಇರುತ್ತದೆ, ಮತ್ತು ಅದನ್ನು ಕಂಡವರು ಬೆರಗಾಗುವುದೇ ಇಲ್ಲ. ನೀವು ಇಪ್ಪತ್ತಕ್ಕೂ ಹೆಚ್ಚು ಸಲ ಬಳಸಿರುವ ಆ ಪದವೇ ಈ ಕಥೆಗಳಲ್ಲಿ ಇಲ್ಲದ್ದು.

ನೀವು ಅರ್ಧ ಪುಟದಲ್ಲಿ ಸಾರಾಂಶ ಹೇಳಿ ಮುಗಿಸಿರುವ ಕವಕಾಮಿ ಹಿರೋಮಿಯವರ ‘ಕಾಮಿಸಾಮ’ ಕಥೆಯನ್ನೇ ಮತ್ತೆ ತೆರೆಯಿರಿ. 1994ರಲ್ಲಿ ಅವರಿಗೆ ಹೊಸಬರ ಸಣ್ಣಕಥಾ ಪ್ರಶಸ್ತಿ ತಂದುಕೊಟ್ಟ ಕಥೆ ಇದು. ನಿರೂಪಕಿಯ ಮನೆಯಿಂದ ಮೂರು ಬಾಗಿಲು ಆಚೆ, 305ನೇ ನಂಬರಿನ ಮನೆಗೆ, ಒಂದು ಕರಡಿ ಬಾಡಿಗೆಗೆ ಬಂದಿದೆ. ಹೊಸದಾಗಿ ಬಂದವರು ಮಾಡಬೇಕಾದಂತೆ ಅದು ಅಕ್ಕಪಕ್ಕದವರಿಗೆ ಸೋಬಾ ಶಾವಿಗೆ ಹಂಚಿದೆ, ಹತ್ತು ಹತ್ತು ಅಂಚೆ ಕಾರ್ಡುಗಳನ್ನೂ ಕೊಟ್ಟಿದೆ. ಈ ಕಾಲದಲ್ಲಿ ಮನುಷ್ಯರೇ ಇಷ್ಟು ಮಾಡುವುದಿಲ್ಲ. ನಿಮ್ಮನ್ನು ಏನೆಂದು ಕರೆಯಲಿ ಎಂದು ಆಕೆ ಕೇಳಿದಾಗ, ‘ಅನತಾ’ (ನೀವು) ಎಂದು ಕರೆದರೆ ಇಷ್ಟ, ಅದೂ ಸರಳ ಅಕ್ಷರಗಳಲ್ಲಲ್ಲ, ಚೀನೀ ಮೂಲದ ಕಾಂಜಿ ಲಿಪಿಯಲ್ಲಿ ಬರೆಯುವ ಗೌರವದ ‘ಅನತಾ’ ಎಂದು ಕರಡಿ ಹೇಳುತ್ತದೆ. ಬಾಯಲ್ಲಿ ಆಡುವಾಗ ಯಾವ ಲಿಪಿ ಎಂಬುದು ಕಿವಿಗೆ ಕೇಳಿಸುವುದಿಲ್ಲ. ಕೇಳಿಸದ ಆ ಗೌರವವನ್ನೂ ಬಯಸುವ ಜೀವ ಅದು. ಕಥೆಯ ಮಾಯೆ ಇರುವುದು ಇಲ್ಲಿ, ಕರಡಿ ಮಾತನಾಡಿತು ಎಂಬಲ್ಲಿ ಅಲ್ಲ.

ಕನ್ನಡದಲ್ಲಿ ಬರೆಯುವ ನಿಮಗೆ ಇಲ್ಲೊಂದು ಅಪೂರ್ವ ಅವಕಾಶವಿತ್ತು. ಜಪಾನಿ ಕ್ರಿಯಾಪದಕ್ಕೆ ಲಿಂಗ, ವಚನಗಳಿಲ್ಲ. ನಾವಾದರೋ ‘ಬಂತು’, ‘ಬಂದ’, ‘ಬಂದರು’ ಇವುಗಳಲ್ಲಿ ಒಂದನ್ನು ಆರಿಸದೆ ವಾಕ್ಯವನ್ನೇ ಮುಗಿಸಲಾರೆವು. ನೀವು ಲೇಖನದ ಉದ್ದಕ್ಕೂ ‘ಕರಡಿ ಬಂತು’ ಎಂದಿದ್ದೀರಿ. ಮೇಲಿನ ಸಾಲುಗಳಲ್ಲಿ ನಾನೂ ಹಾಗೆಯೇ ಬರೆದೆ. ಕಾಂಜಿಯ ‘ಅನತಾ’ ಕೇಳಿದ ಜೀವವನ್ನು ನಾವು ‘ಅದು’ ಎನ್ನಬಹುದೇ? ಮುರಕಾಮಿಯವರ ಕಥೆಯಲ್ಲಿ, ಬ್ಯಾಂಕಿನ ಸಾಲ ವಸೂಲಿ ಮಾಡುವ ಕತಗಿರಿ ಮನೆಗೆ ಬಂದಾಗ ಅಲ್ಲಿ ಕಾದಿದ್ದ ಆಳೆತ್ತರದ ಕಪ್ಪೆಯನ್ನು ‘ಕಾಯೆರು-ಸಾನ್’ (‘ಕಾಯೆರು’ ಎಂದರೆ ಕಪ್ಪೆ) ಎಂದು ಮರ್ಯಾದೆಯಿಂದ ಕರೆದರೆ, ಕಪ್ಪೆ ಬೆರಳೆತ್ತಿ ‘ಕಾಯೆರು-ಕುನ್’ ಎಂದು ತಿದ್ದುತ್ತದೆ, ಅಂದರೆ ಸಲುಗೆಯ ರೂಪವೇ ಸಾಕು ಎನ್ನುತ್ತದೆ. ಕರಡಿಗೆ ಗೌರವ ಬೇಕು, ಕಪ್ಪೆಗೆ ಸಲುಗೆ ಬೇಕು. ನೀವು, ನೀನುಗಳ ನಡುವೆ ದಿನವೂ ತೂಗಿ ನೋಡಿ ಮಾತನಾಡುವ ಕನ್ನಡಿಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದೇ ಬೇಕಿಲ್ಲ; ಎತ್ತಿ ತೋರಿಸಿದರೆ ಸಾಕು.

ಈ ಕಥೆಗಳು ವಾಸ್ತವದಿಂದ ‘ನಿರಾಳವಾಗಿ ತಪ್ಪಿಸಿಕೊಳ್ಳುತ್ತವೆ’ ಎಂಬ ನಿಮ್ಮ ಕೊನೆಯ ಮಾತನ್ನು ದಯವಿಟ್ಟು ತೆಗೆದುಹಾಕಿ. ಆ ಕಪ್ಪೆ ಬಂದದ್ದು 1995ರ ಜನವರಿ 17ರ ಕೋಬೆ ಭೂಕಂಪದ ಬೆನ್ನಿಗೆ, ಟೋಕಿಯೊವನ್ನು ಅಂಥದೇ ಕಂಪನದಿಂದ ಉಳಿಸಲು. ಕವಕಾಮಿಯವರಂತೂ 2011ರ ಮಾರ್ಚಿನ ಫುಕುಶಿಮಾ ಅಣುಸ್ಥಾವರ ದುರಂತದ ಕೆಲವೇ ವಾರಗಳಲ್ಲಿ ತಮ್ಮ ಕರಡಿಯ ಕಥೆಯನ್ನೇ ಮತ್ತೆ ಬರೆದು ‘ಗುನ್‌ಝೋ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಹೊಳೆ, ಅದೇ ನಡಿಗೆ. ಮೊದಲ ಕಥೆಯಲ್ಲಿ ದಂಡೆಯ ಮೇಲೆ ಕರಡಿಯ ತುಪ್ಪಳ ಎಳೆದು, ಹೊಟ್ಟೆಗೆ ಗುದ್ದಿ ಓಡಿಹೋದ ಮಗು ಎರಡನೆಯದರಲ್ಲಿ ಇಲ್ಲ, ಮಕ್ಕಳೇ ಇಲ್ಲ. ರಾತ್ರಿ ಮಲಗುವ ಮುನ್ನ ನಿರೂಪಕಿ ತನ್ನ ಮೈಗೆ ತಾಗಿದ ವಿಕಿರಣದ ಅಂದಾಜು ಲೆಕ್ಕ ಹಾಕುತ್ತಾಳೆ. ಆಮೇಲೆ, ಹದಿನೇಳು ವರ್ಷದ ಹಿಂದಿನ ಕಥೆಯ ಕೊನೆಯಲ್ಲಿದ್ದ ಅದೇ ವಾಕ್ಯ ಬರುತ್ತದೆ: ದಿನವೇನೂ ಕೆಟ್ಟದ್ದಾಗಿರಲಿಲ್ಲ. ಕರಡಿಯ ವಿಷಯದಲ್ಲಿ ಏನೂ ಬದಲಾಗಿಲ್ಲ, ನಂಬಲಾಗದಂತೆ ಆಗಿರುವುದು ಸುತ್ತಲಿನ ವಾಸ್ತವ. ನಿಮ್ಮ ಲೇಖನಕ್ಕೆ ಬೇಕಾದುದೆಲ್ಲ ಈ ಎರಡು ಕಥೆಗಳ ನಡುವೆಯೇ ಇದೆ, ನೀವು ಎರಡನೆಯದನ್ನು ಹೆಸರಿಸಿಯೂ ಇಲ್ಲ.

ಒಂಬತ್ತು ಲೇಖಕರ ಪಟ್ಟಿಯನ್ನು ಬಿಟ್ಟುಬಿಡಿ. ಮತ್ಸುದ ಆವೊಕೊ ಬೇಕಿದ್ದರೆ ಇರಲಿ, ಹಳೆಯ ರಕುಗೊ ಕಥೆಗಾರಿಕೆ, ಕಬುಕಿ ನಾಟಕಗಳ ಹೆಣ್ಣುದೆವ್ವಗಳಿಗೆ ಇಂದಿನ ಕಂಪನಿಯೊಂದರಲ್ಲಿ ಕೆಲಸ ಕೊಡಿಸಿದವರು ಅವರು. ಮೊದಲು ಕರಡಿಯ ಎರಡೂ ಕಥೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಓದಿ. ಆಮೇಲೆ ಏಳೆಂಟು ಪುಟಗಳಲ್ಲಿ ಹೊಸದಾಗಿ ಬರೆಯಿರಿ. ‘ಬಂತು’ ಎಂದೇ ಬರೆಯುವಿರೋ, ‘ಬಂದರು’ ಎನ್ನುವಿರೋ, ಯಾವುದಾದರೂ ಸರಿ, ಏಕೆ ಎಂಬುದನ್ನು ಲೇಖನದಲ್ಲಿಯೇ ಹೇಳಿ ಕಳುಹಿಸಿ. ಕಾಯುತ್ತಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ