ಮಗಳ ಸೊರಾರಿಟಿ, ಅಮ್ಮನ ಪ್ರಶ್ನೆ

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ಮೈಸೂರು ಬಿಟ್ಟು ಟೆಕ್ಸಾಸ್‌ನಲ್ಲಿ ನೆಲೆಸಿದ ಮನೆ. ಮಗಳು ಕಾಲೇಜಿನಲ್ಲಿ ಸೊರಾರಿಟಿ ಎಂಬ ಹುಡುಗಿಯರ ಸಂಘ ಸೇರಿ, ಮೊದಲು ಖಜಾಂಚಿ, ಆಮೇಲೆ ಅಧ್ಯಕ್ಷೆ ಆಗಿದ್ದಾಳೆ. ಈಗ ಸೇವಾ ಸಂಸ್ಥೆಯಲ್ಲೇ ಕೆಲಸ ಹಿಡಿಯುತ್ತೇನೆ, ನನಗೆ ಅನುಭವ ಇದೆ ಅನ್ನುತ್ತಾಳೆ. ‘ಒಂದೇ ಬಣ್ಣದ ಟೀ ಶರ್ಟು, ಡ್ಯಾನ್ಸು, ಫೋಟೋ, ನಾನು ಕಂಡಿದ್ದು ಇಷ್ಟೇ. ಇದರಲ್ಲಿ ಅನುಭವ ಎಲ್ಲಿಂದ ಬಂತು ಸಾರ್?’ ಇದು ನಿಮ್ಮ ಪ್ರಶ್ನೆ.

ನೀವು ಖಜಾಂಚಿ ಅನ್ನೋ ಮಾತನ್ನು ಸುಮ್ನೆ ದಾಟಿಕೊಂಡು ಹೋಗಿದ್ದೀರಿ. ನನಗೆ ಕಣ್ಣಿಗೆ ಬಿದ್ದದ್ದೇ ಅದು.

ಸೊರಾರಿಟಿ ಎಂದರೆ ಅಮೆರಿಕದ ಕಾಲೇಜು ಹುಡುಗಿಯರು ತಾವೇ ನಡೆಸುವ ಸಂಘ. ಹಳೆಯವು ಹತ್ತೊಂಬತ್ತನೇ ಶತಮಾನದವು. ನಮ್ಮ ಕಡೆಯ ಹುಡುಗಿಯರೂ ಕಟ್ಟಿಕೊಂಡಿದ್ದಾರೆ. ದಕ್ಷಿಣ ಏಷ್ಯಾದವರ ಕಪ್ಪಾ ಫೈ ಗಾಮಾ 1998ರಲ್ಲಿ ಆಸ್ಟಿನ್‌ನಲ್ಲಿ ಶುರುವಾಯಿತು. ಪಾರ್ಟಿ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಕೆಟ್ಟ ಚಾಳಿಯೂ ಕೆಲವು ಕಡೆ ಉಂಟು. ಆದರೆ ಒಳಗೆ ನಡೆಯುವ ಕೆಲಸ ನೋಡಿ. ವರ್ಷದ ಬಜೆಟ್ ಹಾಕಬೇಕು, ಸಭೆಯ ನಡಾವಳಿ ಬರೆಯಬೇಕು, ಓಟು ಹಾಕಿಸಬೇಕು, ಒಂದೇ ರೂಮಿನಲ್ಲಿ ಮಲಗುವ ಗೆಳತಿ ಮೂರು ತಿಂಗಳಿಂದ ವಂತಿಗೆ ಕೊಟ್ಟಿಲ್ಲ ಅಂದರೆ ಅವಳ ಎದುರು ಕೂತು ಕೇಳಬೇಕು, ಕೇಳಿದ ಮೇಲೂ ಬೆಳಿಗ್ಗೆ ಒಟ್ಟಿಗೆ ಕಾಫಿ ಕುಡಿಯಬೇಕು. ಗಣೇಶನ ಚಂದಾ ಎತ್ತಿದವರಿಗೆಲ್ಲ ಗೊತ್ತು ಇದರ ಕಷ್ಟ.

ತೆರಿಗೆಯ ಪಾಠವೂ ಇದೆ. ಅಲ್ಲಿನ ಕಾನೂನಿನಲ್ಲಿ ಸೊರಾರಿಟಿ ಸಾಮಾನ್ಯವಾಗಿ 501(ಸಿ)(7), ಅಂದರೆ ಬರೀ ಕ್ಲಬ್ಬು. ಅದಕ್ಕೆ ಕೊಟ್ಟ ದುಡ್ಡಿಗೆ ತೆರಿಗೆ ವಿನಾಯಿತಿ ಇಲ್ಲ. ಅದೇ ಸೊರಾರಿಟಿಯವರು ಬೇರೆಯಾಗಿ ಫೌಂಡೇಶನ್ ಮಾಡಿದ್ದರೆ ಅದು 501(ಸಿ)(3), ಅಂದರೆ ದಾನಧರ್ಮದ ಸಂಸ್ಥೆ, ಅದಕ್ಕೆ ಕೊಟ್ಟರೆ ವಿನಾಯಿತಿ. ಯಾವ ಚೆಕ್ಕು ಯಾವ ಖಾತೆಗೆ ಎಂದು ಇಪ್ಪತ್ತನೇ ವಯಸ್ಸಿಗೇ ತಲೆಕೆಡಿಸಿಕೊಂಡ ಹುಡುಗಿ, ಸೇವಾ ಸಂಸ್ಥೆಯ ಆಫೀಸಿಗೆ ಹೋದ ಮೊದಲ ದಿನ ಕಂಗಾಲಾಗುವುದಿಲ್ಲ. ನಾನು ಒಂದು ವರ್ಷ ಹಾಸ್ಟೆಲ್ ಮೆಸ್ ಸೆಕ್ರೆಟರಿ ಆಗಿದ್ದೆ. ಪತ್ರಿಕೆಯ ಲೆಕ್ಕ ನೋಡುವಾಗ ನೆನಪಾಗುವುದು ಈಗಲೂ ಆ ಬೇಳೆ ಅಕ್ಕಿಯ ಪುಸ್ತಕವೇ.

ಈಗ ಒಂದು ಕಥೆ ಹೇಳುತ್ತೇನೆ, ನಿಜವಾದದ್ದು. ಐಡಾ ಲೂಯಿಸ್ ಜಾಕ್ಸನ್ ಹುಟ್ಟಿದ್ದು ಮಿಸಿಸಿಪ್ಪಿಯ ವಿಕ್ಸ್‌ಬರ್ಗ್‌ನಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಓದಲು ಬಂದಾಗ ಅಲ್ಲಿ ಕಪ್ಪು ವಿದ್ಯಾರ್ಥಿಗಳು ಎಲ್ಲ ಸೇರಿ ಇಪ್ಪತ್ತು ಜನವೂ ಇರಲಿಲ್ಲ. 1921ರಲ್ಲಿ ಐಡಾ ಕೆಲವು ಗೆಳತಿಯರನ್ನು ಸೇರಿಸಿಕೊಂಡು ಆಲ್ಫಾ ಕಪ್ಪಾ ಆಲ್ಫಾದ ಶಾಖೆ ತೆರೆದರು. ಇದು 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಕಪ್ಪು ಹುಡುಗಿಯರ ಸೊರಾರಿಟಿ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ತಮ್ಮ ಗುಂಪಿನ ಫೋಟೋ ಬರಲಿ ಎಂದು ಆ ಹುಡುಗಿಯರು ದುಡ್ಡು ಕೂಡಿಸಿ ಕಟ್ಟಿದರು. ಸಂಚಿಕೆ ಬಂತು, ಫೋಟೋ ಇರಲಿಲ್ಲ. ನೀವು ಮಗಳ ಫೋಟೋಗಳ ಬಗ್ಗೆ ಬರೆದದ್ದು ಓದಿದಾಗ ನನಗೆ ಇದೇ ನೆನಪಾಯಿತು.

ಐಡಾ ಮುಂದೆ ಓಕ್ಲೆಂಡ್‌ನಲ್ಲಿ ಟೀಚರ್ ಆದರು, ಅಲ್ಲಿನ ಸರ್ಕಾರಿ ಶಾಲೆಗಳ ಮೊದಲ ಕಪ್ಪು ಟೀಚರ್. 1934ರ ಹೊತ್ತಿಗೆ ಇಡೀ ಸೊರಾರಿಟಿಯ ರಾಷ್ಟ್ರೀಯ ಅಧ್ಯಕ್ಷೆ. ಆಗ ತನ್ನ ಹುಟ್ಟೂರಿನ ಕಡೆಗೇ, ಮಿಸಿಸಿಪ್ಪಿಯ ಲೆಕ್ಸಿಂಗ್ಟನ್‌ಗೆ ಹೋಗಿ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಬೇಸಿಗೆ ತರಬೇತಿ ಶುರು ಮಾಡಿದರು. ಹೋಗಿ ನೋಡಿದರೆ ಜನರ ಮೈಯಲ್ಲೇ ಕಸುವಿಲ್ಲ, ಮಕ್ಕಳಿಗೆ ಲಸಿಕೆ ಎಂದರೆ ಗೊತ್ತಿಲ್ಲ. ಪಾಠ ಆಮೇಲೆ, ಮೊದಲು ಆರೋಗ್ಯ ಅಂತಾಯಿತು. 1935ರಲ್ಲಿ ಡಾಕ್ಟರ್ ಡೊರೊಥಿ ಫೆರೆಬೀ ಮುಂದಾಳತ್ವದಲ್ಲಿ ಮಿಸಿಸಿಪ್ಪಿ ಆರೋಗ್ಯ ಯೋಜನೆ ಹೊರಟಿತು. ಡಾಕ್ಟರು, ನರ್ಸು, ಟೀಚರು, ಎಲ್ಲ ಸಂಘದ ಹೆಂಗಸರೇ, ರಜೆಯಲ್ಲಿ ಬಂದವರು. ಹತ್ತಿ ಹೊಲದ ಧಣಿಗಳು ಆಳುಗಳನ್ನು ಕ್ಲಿನಿಕ್ಕಿಗೆ ಕಳಿಸಲು ಒಪ್ಪಲಿಲ್ಲ. ಇವರೇನು ತಲೆ ಕೆಡಿಸುತ್ತಾರೋ ಎಂಬ ಭಯ. ಸರಿ, ಕ್ಲಿನಿಕ್ಕನ್ನೇ ಕಾರಿಗೆ ತುಂಬಿಕೊಂಡು ಹೊಲದ ಬದಿಗೆ ಹೋದರು. ಒಟ್ಟು ಏಳು ಬೇಸಿಗೆ ಹೀಗೆ ನಡೆಯಿತು.

ನನ್ನ ಅಭಿಪ್ರಾಯ ಕೇಳಿದರೆ, ಇಲ್ಲಿ ಸೊರಾರಿಟಿ ಕೊಟ್ಟದ್ದು ಭಾಷಣ ಮಾಡುವ ಧೈರ್ಯ ಅಲ್ಲ. ಬೇರೆ ಬೇರೆ ಊರಿನಲ್ಲಿದ್ದ ನೂರಾರು ಹೆಂಗಸರಿಂದ ಚೂರುಪಾರು ಹಣ ತರಿಸಿ, ಅದಕ್ಕೆ ಲೆಕ್ಕ ಕೊಟ್ಟು, ಮುಂದಿನ ವರ್ಷ ಮತ್ತೆ ಕೇಳುವ ಅಭ್ಯಾಸ. ಸಂಸ್ಥೆಗಳು ಸಾಯುವುದು ಈ ‘ಮತ್ತೆ ಕೇಳುವ’ ಜಾಗದಲ್ಲೇ ಜಾಸ್ತಿ.

ಇನ್ನೂ ಇಬ್ಬರು ಇದ್ದಾರೆ. ಪೈ ಬೀಟಾ ಫೈ ಎಂಬ ಸೊರಾರಿಟಿಯ ಶಾಖೆಯನ್ನು ವರ್ಮಾಂಟ್‌ನಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಗ್ರೇಸ್ ಕೂಲಿಜ್, ಓದು ಮುಗಿಸಿ ಕಿವುಡ ಮಕ್ಕಳ ಕ್ಲಾರ್ಕ್ ಶಾಲೆಯಲ್ಲಿ ಟೀಚರ್ ಆದರು. ಅಮೆರಿಕದ ಅಧ್ಯಕ್ಷರ ಹೆಂಡತಿ ಆದ ಮೇಲೂ ಆ ಶಾಲೆಯನ್ನು ಬಿಡಲಿಲ್ಲ. ಶ್ವೇತಭವನದಲ್ಲಿರುವ ಅವರ ಕೆಂಪು ಸೀರೆ, ಅಲ್ಲಲ್ಲ, ಕೆಂಪು ಗೌನಿನ ಚಿತ್ರವನ್ನು ಕೊಡಿಸಿದ್ದೂ ಸೊರಾರಿಟಿಯೇ. ಇನ್ನೊಬ್ಬರು ಡೊರೊಥಿ ಹೈಟ್. ಡೆಲ್ಟಾ ಸಿಗ್ಮಾ ಥೀಟಾ ಸೊರಾರಿಟಿಯ ರಾಷ್ಟ್ರೀಯ ಅಧ್ಯಕ್ಷೆಯಾಗಿದ್ದವರು, 1957ರಿಂದ ನಾಲ್ಕು ದಶಕ ನೀಗ್ರೋ ಮಹಿಳೆಯರ ರಾಷ್ಟ್ರೀಯ ಮಂಡಳಿ ನಡೆಸಿದರು. 1952ರಲ್ಲಿ ದೆಹಲಿಯ ಸಮಾಜಕಾರ್ಯ ಶಾಲೆಯಲ್ಲಿ ಪಾಠ ಹೇಳಿಹೋಗಿದ್ದರು ಕೂಡ.

ಇಷ್ಟೆಲ್ಲ ಹೇಳಿದೆ ಅಂತ ಮಗಳ ಪರವಾಗಿ ಪೂರ್ತಿ ವಕಾಲತ್ತು ಹಾಕಿದೆ ಅಂದುಕೊಳ್ಳಬೇಡಿ. ಸೊರಾರಿಟಿ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಒಂದೇ ವಯಸ್ಸು, ಸುಮಾರಾಗಿ ಒಂದೇ ಥರದ ಮನೆ, ವಂತಿಗೆ ಕಟ್ಟುವ ಶಕ್ತಿ ಇದ್ದವರು. ಅಂಥವರ ಅಧ್ಯಕ್ಷೆಯಾಗುವುದು ಬೇರೆ. ನಿರಾಶ್ರಿತರ ಕೇಂದ್ರದಲ್ಲಿ, ತನ್ನನ್ನು ನಂಬದ, ತನ್ನ ಮಾತು ಕೇಳಬೇಕಾದ ಹಂಗಿಲ್ಲದ ಹೆಂಗಸಿನ ಎದುರು ಕೂರುವುದು ಬೇರೆ. ಐಡಾ ಮೇಷ್ಟ್ರ ತರಬೇತಿ ಎಂದು ಹೋಗಿ ಲಸಿಕೆಗೆ ತಿರುಗಿದರಲ್ಲ, ಅದು ಕಾಲೇಜಿನ ಸಭೆಯಲ್ಲಿ ಕಲಿತದ್ದಲ್ಲ. ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬಂದದ್ದು. ಇನ್ನು ಒಂದು ಸಂಜೆ ಡ್ಯಾನ್ಸ್ ಇಟ್ಟು ಎತ್ತಿದ ಹಣವನ್ನು ನಿಧಿ ಸಂಗ್ರಹದ ಅನುಭವ ಅನ್ನುವುದು ನನಗೆ ಸ್ವಲ್ಪ ಅತಿ ಅನ್ನಿಸುತ್ತದೆ.

ಹಾಗಾಗಿ ಅರ್ಜಿಯಲ್ಲಿ ‘ಅಧ್ಯಕ್ಷೆ’ ಎಂದಷ್ಟೇ ಬರೆಯಬೇಡ ಅನ್ನಿ. ಖಜಾಂಚಿ ಆಗಿದ್ದಾಗ ಬಾಕಿ ಎಷ್ಟಿತ್ತು, ಬಿಡುವಾಗ ಎಷ್ಟಿತ್ತು, ಅದನ್ನು ಬರೆಯಲಿ. ಜಗಳ ಆಗಿದ್ದರೆ ಹೇಗೆ ಬಗೆಹರಿಯಿತು ಅದನ್ನೂ. ಸಂಬಳದ ಕೆಲಸ ಸಿಗುವ ಮೊದಲು ಯಾವುದಾದರೂ ಸಣ್ಣ ಸಂಸ್ಥೆಯಲ್ಲಿ ಕೆಲವು ತಿಂಗಳು ಫೋನ್ ಎತ್ತುವ ಕೆಲಸ ಮಾಡಲಿ, ಟೀ ಶರ್ಟು ಇಲ್ಲದೆ.

ನೀವೂ ಒಂದು ಕೆಲಸ ಮಾಡಿ ಮೇಡಂ. ಈ ಸಲ ಅವಳು ಮನೆಗೆ ಬಂದಾಗ ಫೋಟೋ ಬಿಟ್ಟು ಲೆಕ್ಕದ ಪುಸ್ತಕ ತೋರಿಸು ಅನ್ನಿ. ತೋರಿಸಿದರೆ ಏನು ಕಂಡಿತು ಅಂತ ನನಗೂ ಒಂದು ಸಾಲು ಬರೆಯಿರಿ.

— ಸಂಪಾದಕ