ವಾಷಿಂಗ್ಟನ್ನೋ, ಜಿನೀವಾವೋ, ಜೆಎನ್‌ಯುವೋ?

ಪ್ರಶ್ನೆ: ಮೈಸೂರಿನಲ್ಲಿ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದಿ ಬಿ.ಎ. ಮುಗಿಸಿದ್ದೇನೆ. ವಯಸ್ಸು 24. ಎರಡು ವರ್ಷಗಳಿಂದ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಸ್ನಾತಕೋತ್ತರ ಪದವಿ ಓದಲು ವಾಷಿಂಗ್ಟನ್ನಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸೈಸ್ (SAIS) ಎಂಬ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯಲ್ಲಿ ಅರ್ಧ ಶುಲ್ಕ ವಿನಾಯಿತಿಯೊಂದಿಗೆ ಸೀಟು ಸಿಕ್ಕಿದೆ. ಜಿನೀವಾದ ಗ್ರ್ಯಾಜುಯೇಟ್ ಇನ್‌ಸ್ಟಿಟ್ಯೂಟ್‌ನಲ್ಲೂ ಸೀಟು ಸಿಕ್ಕಿದೆ, ಆದರೆ ವಿದ್ಯಾರ್ಥಿವೇತನ ಇಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿಯಲ್ಲಿ ಜೆಎನ್‌ಯು ಸೀಟು ಸಿಗುವಷ್ಟು ಅಂಕವೂ ಬಂದಿದೆ. ಸೈಸ್‌ಗೆ ಹೋಗುವುದಾದರೆ ನಿವೇಶನ ಅಡವಿಟ್ಟು 60 ಲಕ್ಷ ರೂಪಾಯಿ ಸಾಲ ತೆಗೆಯಲು ಅಪ್ಪ ಸಿದ್ಧರಿದ್ದಾರೆ. ಉಳಿದದ್ದಕ್ಕೆ ಮನೆಯ ಉಳಿತಾಯವಿದೆ. ರ್‍ಯಾಂಕಿಂಗ್‌ನಲ್ಲಿ ಸೈಸ್ ಎಲ್ಲಕ್ಕಿಂತ ಮುಂದಿದೆ. ಯಾವುದನ್ನು ಆರಿಸಿಕೊಳ್ಳಲಿ ಸರ್?

ಉತ್ತರ: ಓದು ಮುಗಿದ ಮರುದಿನ ನೀವು ಯಾವ ಊರಿನಲ್ಲಿ, ಯಾರ ಬಳಿ ಕೆಲಸ ಕೇಳುತ್ತೀರಿ? ನಿಮ್ಮ ಪತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಮೊದಲು ಅದನ್ನು ತೀರ್ಮಾನಿಸಬೇಕು, ಶಾಲೆಯ ಆಯ್ಕೆ ಆಮೇಲಿನದು. ರ್‍ಯಾಂಕಿಂಗ್ ಪಟ್ಟಿಯನ್ನು ಪಕ್ಕಕ್ಕಿಡಿ. ಈ ವಿಷಯದ ಹೆಸರಾಂತ ಪಟ್ಟಿ ಅಮೆರಿಕದ ಪ್ರಾಧ್ಯಾಪಕರು, ನೀತಿ ತಜ್ಞರ ಅಭಿಪ್ರಾಯ ಸಂಗ್ರಹಿಸಿ ಮಾಡಿದ್ದು. ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಆ ಪದವಿಯಿಂದ ಏನು ದಕ್ಕುತ್ತದೆ ಎಂದು ಅದು ಹೇಳುವುದಿಲ್ಲ.

ವಾಷಿಂಗ್ಟನ್ನಿನ ಈ ಶಾಲೆಗಳು ಹುಟ್ಟಿದ್ದೇ ಅಮೆರಿಕ ಸರ್ಕಾರಕ್ಕೆ ಜನರನ್ನು ತಯಾರು ಮಾಡಲು. ಜಾರ್ಜ್‌ಟೌನ್‌ನ ವಿದೇಶಾಂಗ ಸೇವಾ ಶಾಲೆ ಆರಂಭವಾದದ್ದು 1919ರಲ್ಲಿ, ಸೈಸ್ 1943ರಲ್ಲಿ, ಯುದ್ಧದ ನಡುವೆ. ಈಗಲೂ ಅಲ್ಲಿನ ಹಳೆಯ ವಿದ್ಯಾರ್ಥಿಗಳಲ್ಲಿ ದೊಡ್ಡ ಪಾಲು ವಿದೇಶಾಂಗ ಇಲಾಖೆ, ರಕ್ಷಣಾ ಇಲಾಖೆ, ಗುಪ್ತಚರ ಸಂಸ್ಥೆಗಳು ಮತ್ತು ಅವುಗಳ ಗುತ್ತಿಗೆದಾರ ಕಂಪನಿಗಳಲ್ಲಿದೆ. ಅಂಥ ಹುದ್ದೆಗಳಿಗೆ ಅಮೆರಿಕದ ಪೌರತ್ವ ಬೇಕು. ಕೈಪಿಡಿಯಲ್ಲಿ ಅಚ್ಚಾದ ಯಶೋಗಾಥೆಗಳಲ್ಲಿ ಅರ್ಧಕ್ಕರ್ಧ ನಿಮಗೆ ಅನ್ವಯಿಸುವುದಿಲ್ಲ ಎಂದುಕೊಂಡೇ ಅದನ್ನು ಓದಿ. ಇದರ ಜೊತೆಗೆ 2025ರಲ್ಲಿ ಅಮೆರಿಕದ ಅಂತರರಾಷ್ಟ್ರೀಯ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲು ಮುಚ್ಚಿತು. ವಿದೇಶಾಂಗ ಇಲಾಖೆಯಲ್ಲೇ ಸಾಮೂಹಿಕವಾಗಿ ಜನರನ್ನು ಮನೆಗೆ ಕಳುಹಿಸಲಾಯಿತು. ಹತ್ತು ಹದಿನೈದು ವರ್ಷ ಅನುಭವವಿರುವ ಅವರೂ ನಿಮ್ಮ ಜೊತೆಗೇ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ.

ಹಾಗಾದರೆ ಭಾರತೀಯರಿಗೆ ಅಲ್ಲಿ ಏನು ಉಳಿಯುತ್ತದೆ? ಮುಖ್ಯವಾಗಿ ವಿಶ್ವಬ್ಯಾಂಕ್ ಮತ್ತು ಐಎಂಎಫ್. ಅಲ್ಲಿ ಪೌರತ್ವ ಅಡ್ಡ ಬರುವುದಿಲ್ಲ, ಸಂಸ್ಥೆಯೇ ಬೇರೆ ಬಗೆಯ ವೀಸಾ ಕೊಡಿಸುತ್ತದೆ. ವಿಶ್ವಬ್ಯಾಂಕಿನೊಳಗೆ ಹೊಸಬರು ಹೊಗುವ ಸಾಮಾನ್ಯ ದಾರಿ ಅಲ್ಪಾವಧಿ ಸಲಹೆಗಾರರ ಕೆಲಸ. ವರ್ಷಕ್ಕೆ ಗರಿಷ್ಠ 150 ದಿನಗಳ ಕೂಲಿ ಲೆಕ್ಕದ ಆ ಕೆಲಸದಲ್ಲಿ ರಜೆ, ಭವಿಷ್ಯನಿಧಿಯ ಮಾತಿಲ್ಲ. ಆದರೂ ಅಲ್ಲಿಂದ ಮೇಲೇರಿದವರು ಇದ್ದಾರೆ, ಬಹುತೇಕ ಎಲ್ಲರೂ ಅಂಕಿ-ಅಂಶಗಳ ಜೊತೆ ಗುದ್ದಾಡಲು ಬಲ್ಲವರು. ಸೈಸ್‌ನ ನಿಜವಾದ ಬಲವೂ ಅದೇ. ಅಲ್ಲಿ ಮೊದಲಿನಿಂದಲೂ ಅರ್ಥಶಾಸ್ತ್ರಕ್ಕೆ ಒತ್ತು. ಅದು ಬೇಡ, ರಾಜತಂತ್ರದ ಇತಿಹಾಸವೋ ಭದ್ರತಾ ಅಧ್ಯಯನವೋ ಸಾಕು ಎನ್ನುವವರು ಅಷ್ಟು ಹಣ ಸುರಿದು ಅಲ್ಲಿಗೆ ಹೋಗಬೇಕಾದ ಅಗತ್ಯ ನನಗೆ ಕಾಣುತ್ತಿಲ್ಲ.

ವೀಸಾದ ವಿಷಯಕ್ಕೆ ಬರೋಣ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದಿದವರಿಗೆ ಪದವಿಯ ನಂತರ ಒಪಿಟಿ ಎಂಬ 12 ತಿಂಗಳ ಕೆಲಸದ ಅನುಮತಿ ಸಿಗುತ್ತದೆ. ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ವಿಜ್ಞಾನ, ತಂತ್ರಜ್ಞಾನ, ಗಣಿತದ ಪಟ್ಟಿಗೆ ಸೇರಿದ ಪದವಿಯಾದರೆ ಇನ್ನೂ 24 ತಿಂಗಳು ವಿಸ್ತರಿಸಬಹುದು. ನಿಮ್ಮ ಪದವಿ ಆ ಪಟ್ಟಿಗೆ ಸೇರುತ್ತದೆಯೇ ಎಂದು ತಿಳಿಯಲು ವಿಶ್ವವಿದ್ಯಾಲಯ ಕಳುಹಿಸುವ ಐ-20 ಪತ್ರ ನೋಡಿ. ಅದರಲ್ಲಿ ಪಠ್ಯಕ್ರಮದ ಹೆಸರಿನ ಜೊತೆ ಆರು ಅಂಕಿಯ ಸಂಕೇತವೊಂದು ಇರುತ್ತದೆ. 45.0901 ಎಂದಿದ್ದರೆ ಅದು ಅಂತರರಾಷ್ಟ್ರೀಯ ಸಂಬಂಧಗಳು, ಪಟ್ಟಿಯ ಹೊರಗಿನದು. 45.0603 ಎಂದಿದ್ದರೆ ಸಂಖ್ಯಾತ್ಮಕ ಅರ್ಥಶಾಸ್ತ್ರ, ಪಟ್ಟಿಯ ಒಳಗಿನದು. ಒಂದೇ ಕಟ್ಟಡದಲ್ಲಿ ಓದಿದ ಇಬ್ಬರ ಪೈಕಿ ಒಬ್ಬರಿಗೆ ಒಂದು ವರ್ಷ, ಇನ್ನೊಬ್ಬರಿಗೆ ಮೂರು ವರ್ಷ. ಪ್ರವೇಶ ವಿಭಾಗಕ್ಕೆ ಈಗಲೇ ಇಮೇಲ್ ಬರೆದು ಕೇಳಿ, ಐ-20 ಬರುವವರೆಗೆ ಕಾಯಬೇಡಿ.

ಇನ್ನು ಸಾಲ. ಬಡ್ಡಿ ಶೇ 10.5, ಅವಧಿ 15 ವರ್ಷ ಎಂದು ಹಿಡಿಯೋಣ. ಮೊದಲ ವರ್ಷ 30 ಲಕ್ಷ, ಎರಡನೆಯ ವರ್ಷ 30 ಲಕ್ಷ ಬಿಡುಗಡೆಯಾದರೆ, ಓದು ಮುಗಿದು ಆರು ತಿಂಗಳ ಬಿಡುವು ಕಳೆಯುವಷ್ಟರಲ್ಲಿ ಬಡ್ಡಿಯೇ 12 ಲಕ್ಷ ದಾಟಿರುತ್ತದೆ. ಅದನ್ನು ಅಸಲಿಗೆ ಸೇರಿಸಿದರೆ ತಿಂಗಳ ಕಂತು ಸುಮಾರು 80 ಸಾವಿರ ರೂಪಾಯಿ. ಡಾಲರಿನಲ್ಲಿ ಸಂಬಳ ಬಂದರೆ ತೀರಿಸಬಹುದು. ಒಂದು ವರ್ಷದ ಅನುಮತಿ ಮುಗಿದು ನೀವು ದೆಹಲಿಗೆ ಬಂದಿರಿ ಎಂದುಕೊಳ್ಳಿ. ಅಲ್ಲಿನ ಚಿಂತನಾ ಸಂಸ್ಥೆಗಳಲ್ಲಿ (ಥಿಂಕ್ ಟ್ಯಾಂಕ್) ಹೊಸಬರಿಗೆ ಕೊಡುವ ಸಂಬಳ ಕಂತಿಗೇ ಸಾಲುವುದಿಲ್ಲ, ಮನೆ ಬಾಡಿಗೆಯ ಮಾತು ಹಾಗಿರಲಿ. ನಿಮ್ಮ ಉಳಿತಾಯವೂ ಅಷ್ಟರಲ್ಲಿ ಕರಗಿರುತ್ತದೆ. ಏಕೆಂದರೆ ಅರ್ಧ ವಿನಾಯಿತಿಯ ನಂತರವೂ ಶುಲ್ಕ, ವಾಷಿಂಗ್ಟನ್ನಿನ ಬಾಡಿಗೆ, ಆರೋಗ್ಯ ವಿಮೆ ಸೇರಿ ಎರಡು ವರ್ಷಕ್ಕೆ ಒಂದು ಕೋಟಿಯ ಹತ್ತಿರ ಹೋಗುತ್ತದೆ. ಅಂದ ಹಾಗೆ, ನಿವೇಶನದ ಖಾತಾ, ಪರಿವರ್ತನೆಯ ಆದೇಶ ಸರಿಯಿವೆಯೇ ಎಂದು ಅಪ್ಪನನ್ನು ಕೇಳಿ. ಕಾಗದಪತ್ರದಲ್ಲಿ ಚಿಕ್ಕ ಕೊಕ್ಕೆ ಇದ್ದರೂ ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ.

ಹಾಗೆಂದು ಸೈಸ್‌ಗೆ ಇವತ್ತೇ ಬೇಡ ಎಂದು ಬರೆಯಬೇಡಿ. ಬೇರೆ ಕಡೆ ಸೀಟು ಸಿಕ್ಕಿರುವುದನ್ನೂ ಮನೆಯ ಆದಾಯವನ್ನೂ ತಿಳಿಸಿ, ವಿದ್ಯಾರ್ಥಿವೇತನ ಹೆಚ್ಚಿಸಲು ಸಾಧ್ಯವೇ ಎಂದು ವಿನಯದಿಂದ ಕೇಳಿ. ನಮ್ಮವರು ಇದನ್ನು ಚೌಕಾಸಿ ಎಂದು ನಾಚಿಕೊಳ್ಳುತ್ತಾರೆ. ಅಮೆರಿಕದ ಶಾಲೆಗಳಿಗೆ ಇಂಥ ಪತ್ರ ದಿನನಿತ್ಯದ ಮಾತು, ಕೆಲವೊಮ್ಮೆ ಫಲವೂ ಸಿಗುತ್ತದೆ. ಪೂರ್ತಿ ಶುಲ್ಕ ಮನ್ನಾ ಆದರೆ ಹೋಗಿ. ಅರ್ಧಕ್ಕೇ ನಿಂತರೆ ನಾನಾದರೂ ಬಿಡುತ್ತಿದ್ದೆ. ಮುಂದೊಮ್ಮೆ ಅಮೆರಿಕಕ್ಕೆ ಮತ್ತೆ ಅರ್ಜಿ ಹಾಕುವುದಾದರೆ ಪ್ರಿನ್ಸ್‌ಟನ್ನಿನ ಎಂಪಿಎ (ಸಾರ್ವಜನಿಕ ವ್ಯವಹಾರಗಳ ಸ್ನಾತಕೋತ್ತರ) ಪದವಿಯನ್ನು ಪಟ್ಟಿಗೆ ಸೇರಿಸಿಕೊಳ್ಳಿ. ತರಗತಿ ಚಿಕ್ಕದು, ಸೀಟು ಬಲು ಕಷ್ಟ, ಆದರೆ ಸಿಕ್ಕಿದವರಿಗೆ ಬೋಧನಾ ಶುಲ್ಕವಿಲ್ಲ.

ಜಿನೀವಾದ ಸಂಸ್ಥೆ 1927ರದ್ದು, ಸರೋವರದ ದಂಡೆಯಲ್ಲಿದೆ, ವಿಶ್ವಸಂಸ್ಥೆಯ ಕಚೇರಿಗಳು ಹತ್ತಿರದಲ್ಲೇ ಇವೆ. ಶುಲ್ಕ ವಾಷಿಂಗ್ಟನ್ನಿನ ಮುಂದೆ ಏನೂ ಅಲ್ಲ. ತೊಂದರೆ ಇರುವುದು ಊಟ, ವಸತಿಯಲ್ಲಿ. ತಿಂಗಳಿಗೆ ಎರಡು ಸಾವಿರ ಫ್ರಾಂಕ್ ಇಲ್ಲದೆ ಆ ಊರಿನಲ್ಲಿ ಬದುಕುವುದು ಕಷ್ಟ, ಅದು ಎರಡು ಲಕ್ಷ ರೂಪಾಯಿಗೂ ಹೆಚ್ಚು. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಇಂಟರ್ನ್‌ಶಿಪ್ ಮಾಡಿದರೆ ಒಂದು ಪೈಸೆಯೂ ಸಿಗುವುದಿಲ್ಲ. ಓದು ಮುಗಿದ ಮೇಲೆ ಕೆಲಸ ಹುಡುಕಲು ಸ್ವಿಟ್ಜರ್‌ಲೆಂಡ್ ಕೊಡುವ ಕಾಲಾವಕಾಶ ಆರು ತಿಂಗಳು. ಅಂತರರಾಷ್ಟ್ರೀಯ ಸಂಸ್ಥೆಗಳು ಆ ದೇಶದ ಕೆಲಸದ ಕೋಟಾಕ್ಕೆ ಒಳಪಡುವುದಿಲ್ಲ ಎನ್ನುವುದು ಅನುಕೂಲವೇ. ಆದರೆ ಅಮೆರಿಕ ಹಣ ಹಿಂತೆಗೆದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ, ನಿರಾಶ್ರಿತರ ಸಂಸ್ಥೆಗಳು ಇರುವ ಸಿಬ್ಬಂದಿಯನ್ನೇ ಕಡಿತ ಮಾಡಿವೆ. ಫ್ರೆಂಚ್ ಬರುತ್ತದೆಯೇ ಎಂದು ನೀವು ಬರೆದಿಲ್ಲ. ಬರದಿದ್ದರೆ ಆ ಊರಿನಲ್ಲಿ ಇನ್ನೊಂದು ಬಾಗಿಲು ಮುಚ್ಚಿದಂತೆಯೇ. ವಿದ್ಯಾರ್ಥಿವೇತನವಿಲ್ಲದೆ ಈ ವರ್ಷ ಜಿನೀವಾ ಬೇಡ.

ಉಳಿದದ್ದು ಜೆಎನ್‌ಯು. ಅಲ್ಲಿನ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯ ಮೂಲ 1955ರಲ್ಲಿ ಆರಂಭವಾದ ಸಂಸ್ಥೆ, 1970ರಲ್ಲಿ ಅದು ಜೆಎನ್‌ಯು ಜೊತೆ ಸೇರಿತು. ವಿದೇಶಾಂಗ ಸಚಿವ ಎಸ್. ಜೈಶಂಕರ್ ಪಿಎಚ್.ಡಿ. ಮಾಡಿದ್ದು ಜೆಎನ್‌ಯುನಲ್ಲೇ. ವರ್ಷದ ಬೋಧನಾ ಶುಲ್ಕ ಕೆಲವೇ ನೂರು ರೂಪಾಯಿ. ಹಾಸ್ಟೆಲ್ ಕೂಡಲೇ ಸಿಗುವುದಿಲ್ಲ, ಮೊದಲ ಕೆಲವು ತಿಂಗಳು ಪಕ್ಕದ ಬಡಾವಣೆ ಮುನಿರ್ಕಾದ ಇಕ್ಕಟ್ಟಿನ ಕೋಣೆಯ ಬಾಡಿಗೆ ಕಟ್ಟಬೇಕಾದೀತು. ಪಾಠ ಸಿದ್ಧಾಂತದ ಕಡೆಗೆ ವಾಲುತ್ತದೆ, ಉದ್ಯೋಗ ಕೊಡಿಸುವ ವಿಭಾಗವನ್ನು ನಂಬಿ ಹೋಗುವ ಜಾಗ ಅದಲ್ಲ. ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು: ಒಂದು ಭಾಷೆಯನ್ನು ಗಟ್ಟಿಯಾಗಿ ಕಲಿಯಿರಿ, ನನ್ನನ್ನು ಕೇಳಿದರೆ ಚೀನಿ. ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ತೆಗೆದುಕೊಳ್ಳಿ. ರಜೆಯಲ್ಲಿ ದೆಹಲಿಯ ಚಿಂತನಾ ಸಂಸ್ಥೆಗಳಲ್ಲಿ ಕೆಲಸ ಕೇಳಿ. ಆ ಊರಿನಲ್ಲೇ ಇರುವುದರ ಲಾಭ ಅದು.

ನನ್ನ ಮತ ಜೆಎನ್‌ಯುಗೆ. ವಿದೇಶದ ಆಸೆಯನ್ನು ಕೈಬಿಡಬೇಕಿಲ್ಲ. ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಸ್ನಾತಕೋತ್ತರ ಓದಿನ ಪೂರ್ತಿ ಖರ್ಚನ್ನು ಹೊರುತ್ತದೆ. ಅದಕ್ಕೆ ಬೇಕಾದದ್ದು 2,800 ಗಂಟೆಗಳ ಕೆಲಸದ ಅನುಭವ, ನಿಮ್ಮ ಎರಡು ವರ್ಷ ಅಷ್ಟಾಗುತ್ತದೆ. ಓದಿನ ನಂತರ ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತು ಇದೆ. ಯುರೋಪಿನ ಎರಾಸ್ಮಸ್ ಮುಂಡಸ್ ಪದವಿಗಳಲ್ಲಿ ಎರಡು ಮೂರು ದೇಶಗಳಲ್ಲಿ ಓದುತ್ತೀರಿ, ವೇತನ ಸಿಕ್ಕವರಿಗೆ ತಿಂಗಳಿಗೆ 1,400 ಯೂರೊ. ಪ್ರಾಧ್ಯಾಪಕಿಯಾಗುವ ಯೋಚನೆಯಿದ್ದರಂತೂ ಸ್ವಂತ ಹಣದಲ್ಲಿ ಸೈಸ್‌ನಂಥ ವೃತ್ತಿಪರ ಪದವಿ ಓದುವುದು ದಂಡ. ಅಮೆರಿಕದ ಒಳ್ಳೆಯ ಪಿಎಚ್.ಡಿ. ವಿಭಾಗಗಳು ಶುಲ್ಕ ಮನ್ನಾ ಮಾಡಿ, ಬದುಕಲು ವೇತನವನ್ನೂ ಕೊಡುತ್ತವೆ.

ಪ್ರಶ್ನೆ: ನನ್ನ ಮಗಳು ಪುತ್ತೂರಿನಲ್ಲಿ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ರಾಯಭಾರಿಯಾಗಬೇಕೆಂಬ ಹಂಬಲ. ಉತ್ತರ ಭಾರತದ ಖಾಸಗಿ ವಿಶ್ವವಿದ್ಯಾಲಯವೊಂದು ರಾಜತಂತ್ರದ ಸ್ನಾತಕೋತ್ತರ ಪದವಿಗೆ ಲಕ್ಷಗಟ್ಟಲೆ ಶುಲ್ಕ ಹೇಳುತ್ತಿದೆ. ಅಲ್ಲಿ ಓದಿದರೆ ವಿದೇಶಾಂಗ ಸೇವೆ ಸುಲಭವಾಗುತ್ತದೆಯೇ?

ಉತ್ತರ: ಇಲ್ಲ, ಅಮ್ಮ. ಭಾರತೀಯ ವಿದೇಶಾಂಗ ಸೇವೆಗೆ ಇರುವ ಮುಖ್ಯ ಬಾಗಿಲು ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆ. ಅದಕ್ಕೆ ಯಾವುದೇ ವಿಷಯದ ಪದವಿ ಸಾಕು. ಸಾಮಾನ್ಯ ವರ್ಗದವರಿಗೆ 32 ವರ್ಷದೊಳಗೆ ಆರು ಪ್ರಯತ್ನ, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ ಹೆಚ್ಚಿನ ಸಡಿಲಿಕೆ ಇದೆ. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯ ತೆಗೆದುಕೊಳ್ಳಬಹುದು. ಆಯ್ಕೆಯಾದವರಿಗೆ ವಿದೇಶಿ ಭಾಷೆಯನ್ನು ಸರ್ಕಾರವೇ ತನ್ನ ಖರ್ಚಿನಲ್ಲಿ ಕಲಿಸುತ್ತದೆ. ಪದವಿಯ ಹೆಸರಿನಲ್ಲಿ ರಾಜತಂತ್ರ ಎಂದಿದ್ದರೆ ಸಂದರ್ಶನದಲ್ಲಿ ಒಂದು ಅಂಕವೂ ಹೆಚ್ಚು ಬೀಳುವುದಿಲ್ಲ.

ವಿದೇಶಾಂಗ ಸೇವೆಗೆ ವರ್ಷಕ್ಕೆ ಆಯ್ಕೆಯಾಗುವವರು ಕೆಲವೇ ಡಜನ್ ಮಂದಿ. ಹಾಗಾಗಿ ಇನ್ನೊಂದು ದಾರಿ ತೆರೆದಿಡುವುದಕ್ಕೆ ಸ್ನಾತಕೋತ್ತರ ಓದು ಒಳ್ಳೆಯದೇ, ಸಾಲ ಮಾಡದೆ ಓದುವುದಾದರೆ. ಜೆಎನ್‌ಯು, ಪುದುಚೇರಿ, ಕೋಲ್ಕತ್ತದ ಜಾದವ್‌ಪುರ, ಸಾರ್ಕ್ ದೇಶಗಳು ಕೂಡಿ ದೆಹಲಿಯಲ್ಲಿ ನಡೆಸುವ ದಕ್ಷಿಣ ಏಷ್ಯಾ ವಿಶ್ವವಿದ್ಯಾಲಯ, ಈ ನಾಲ್ಕಕ್ಕೂ ಅರ್ಜಿ ಹಾಕಿಸಿ. ನಿಮಗೆ ಹತ್ತಿರದ ಮಣಿಪಾಲದಲ್ಲೂ ಭೂರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವಿದೆ. ಅಲ್ಲಿಯ ಶುಲ್ಕ ಸರ್ಕಾರಿ ವಿಶ್ವವಿದ್ಯಾಲಯದಂತಲ್ಲ, ವಿಚಾರಿಸಿಕೊಳ್ಳಿ.

ಪ್ರಶ್ನೆ: ಬೆಂಗಳೂರಿನ ಚಿಪ್ ವಿನ್ಯಾಸ ಕಂಪನಿಯಲ್ಲಿ ಎಂಟು ವರ್ಷಗಳಿಂದ ಎಂಜಿನಿಯರ್ ಆಗಿದ್ದೇನೆ. ತಂತ್ರಜ್ಞಾನ ಮತ್ತು ಭೂರಾಜಕೀಯದ ಕಡೆಗೆ ಹೊರಳುವ ಆಸೆ. ಮದುವೆಯಾಗಿದೆ, ಮಗುವಿಗೆ ಮೂರು ವರ್ಷ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಪದವಿ ಓದಲೇ?

ಉತ್ತರ: ಬೇಡ. ಅಮೆರಿಕ ಚೀನಾಕ್ಕೆ ಚಿಪ್ ರಫ್ತಿನ ಮೇಲೆ 2022ರ ಅಕ್ಟೋಬರ್ 7ರಂದು ನಿರ್ಬಂಧ ಹೇರಿದಾಗಿನಿಂದ, ರಫ್ತು ನಿಯಂತ್ರಣದ ಕಡತವನ್ನೂ ಚಿಪ್ಪಿನ ಒಳಗನ್ನೂ ಒಟ್ಟಿಗೆ ಬಲ್ಲವರಿಗೆ ಬೇಡಿಕೆ ಇದೆ. ರಾಜ್ಯಶಾಸ್ತ್ರದ ಪದವೀಧರರು ಬೇಕಾದಷ್ಟು ಸಿಗುತ್ತಾರೆ, ನಿಮ್ಮಂಥವರು ಸಿಗುವುದಿಲ್ಲ. ಕೆಲಸ ಬಿಡದೆ ಮೊದಲು ಬೆಂಗಳೂರಿನದೇ ಆದ ಸಾರ್ವಜನಿಕ ನೀತಿ ಕಲಿಸುವ ತಕ್ಷಶಿಲಾ ಸಂಸ್ಥೆಯ 12 ವಾರಗಳ ಆನ್‌ಲೈನ್ ಸರ್ಟಿಫಿಕೇಟ್ ಮಾಡಿ ನೋಡಿ. ಆಸೆ ಆಗಲೂ ಉಳಿದಿದ್ದರೆ ಒಂದು ವರ್ಷದ ಪದವಿ ಸಾಕು: ಸಿಂಗಪುರದ ನಾನ್ಯಾಂಗ್ ವಿಶ್ವವಿದ್ಯಾಲಯದ ರಾಜರತ್ನಂ ಶಾಲೆ, ಇಲ್ಲವೇ ಲಂಡನ್ ಕಿಂಗ್ಸ್ ಕಾಲೇಜಿನ ಯುದ್ಧ ಅಧ್ಯಯನ ವಿಭಾಗ. ಲಂಡನ್ನಿಗೆ ಹೋಗುವುದಾದರೆ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಓದಿನ ನಂತರದ ಕೆಲಸದ ವೀಸಾವನ್ನು ಎರಡು ವರ್ಷದಿಂದ 18 ತಿಂಗಳಿಗೆ ಇಳಿಸಲಾಗಿದೆ ಎನ್ನುವುದು ಲೆಕ್ಕದಲ್ಲಿರಲಿ. ಇಂಥ ಒಂದು ವರ್ಷದ ಪದವಿಗೆ ಬಂದವರು ಹೆಂಡತಿ, ಮಕ್ಕಳನ್ನು ಅವಲಂಬಿತರ ವೀಸಾದಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವಂತೆಯೂ ಇಲ್ಲ. ಸಿಂಗಪುರವಾದರೆ ಮನೆಯವರನ್ನು ನೋಡಿಕೊಂಡು ಹೋಗಲು ವಿಮಾನದಲ್ಲಿ ನಾಲ್ಕೂವರೆ ಗಂಟೆ.